ದಿರ್ಹತ್ತಿಲ್ ಮತಿ: ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಕೊಡುವ ಮೊದಲು ನೋಡಬೇಕಾದ ಲೆಕ್ಕ

ಅಕ್ಕ-ಭಾವ ಶಾರ್ಜಾದಲ್ಲಿದ್ದಾರೆ. ಅಮ್ಮನನ್ನು ಕರೆದುಕೊಂಡು ಎರಡು ವಾರ ಅಲ್ಲಿಗೆ ಹೋಗಿದ್ದೆ. ಊರಿಗೆ ಹೊರಡುವ ಮುಂಚಿನ ದಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಬಾದಾಮಿ, ಹಾಲಿನ ಪುಡಿ, ಎರಡು ದಪ್ಪ ಕಂಬಳಿ, ನೆರೆಮನೆಯವರಿಗೆಲ್ಲ ತಲೆನೋವಿಗೆ ಹಚ್ಚುವ ಕೊಡಲಿ ಮಾರ್ಕಿನ ಎಣ್ಣೆಯ ಒಂದೊಂದು ಬಾಟ್ಲಿ, ಹೀಗೆ ಗಲ್ಫಿನಿಂದ ಬರುವವರು ತರುವುದನ್ನೆಲ್ಲ ಗಾಡಿಗೆ ತುಂಬಿಸಿ ಕೌಂಟರಿಗೆ ತಂದೆವು. ಬಿಲ್ ಹೆಚ್ಚುಕಡಿಮೆ 500 ದಿರ್ಹಂ. ಕೌಂಟರಿನಲ್ಲಿದ್ದ ಹುಡುಗ ಕಣ್ಣೂರಿನ ಕಡೆಯವನು. ನನ್ನ ಕಾರ್ಡನ್ನು ಮಿಷನಿಗೆ ಸಿಕ್ಕಿಸಿದ, ಪುಟ್ಟ ಪರದೆಯ ಮೇಲೆ ಎರಡು ಸಾಲು ಬಂತು. ಮೇಲೆ ದಿರ್ಹಂ, ಕೆಳಗೆ ರೂಪಾಯಿ. "ರೂಪಯಿಲ್ ಮತಿಯೋ?" ಅಂತ ಮಲಯಾಳದಲ್ಲಿ ಕೇಳಿದ, ಅಂದರೆ ರೂಪಾಯಿಯಲ್ಲಿ ಸಾಕಾ ಅಂತ. ಪಕ್ಕದಲ್ಲಿದ್ದ ಅಮ್ಮ ಪರದೆ ನೋಡಿ, "ನಮ್ಮ ರೂಪಾಯಿಯೇ ಉಂಟಲ್ಲ, ಅದನ್ನೇ ಒತ್ತು" ಅಂದರು. ಒತ್ತಿದೆ.

ಆ ಒಂದು ಒತ್ತುವಿಕೆಗೆ ಎಷ್ಟು ಹೋಯಿತು ಅಂತ ಗೊತ್ತಾದದ್ದು ಮುಂದಿನ ತಿಂಗಳು ಕಾರ್ಡಿನ ಬಿಲ್ ಬಂದಾಗ. ಅಲ್ಲಿಂದ ಮೇಲೆ ಈ ವಿಷಯವನ್ನು ಬಿಡದೆ ಹಿಡಿದು ಓದಿದೆ. ಬರೆಯಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳ, ಮಂಜೇಶ್ವರದ ಕಡೆ, ಅಂದರೆ ಕೇರಳದ ಗಡಿಯೊಳಗಿನ ಕನ್ನಡದ ಊರುಗಳಲ್ಲಿ, ಗಲ್ಫಿಗೆ ಹೋಗಿ ಬರುವವರು ಇಲ್ಲದ ಮನೆ ಕಡಿಮೆ. ಆದರೆ ಕಾರ್ಡಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ, ಬ್ಯಾಂಕಿನಲ್ಲಿ ವಿವರಿಸುವುದು ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನನ್ನ ಅಮ್ಮನಂಥವರಿಗೆ ಇದನ್ನು ಅವರ ಭಾಷೆಯಲ್ಲಿ ಕೂತು ಹೇಳುವವರು ಯಾರೂ ಇಲ್ಲ.

ಮೊದಲು ದುಡ್ಡು ಹೋಗುವ ದಾರಿ ನೋಡೋಣ. ನೀವು ದುಬೈಯ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಅಂಗಡಿಯವನಿಗೆ ಬೇಕಾದದ್ದು ದಿರ್ಹಂ, ನಿಮ್ಮ ಬ್ಯಾಂಕಿನಲ್ಲಿರುವುದು ರೂಪಾಯಿ. ನಡುವೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಇಂಥ ಒಂದು ನೆಟ್‌ವರ್ಕ್ ಇರುತ್ತದೆ, ಕಾರ್ಡಿನ ಮೂಲೆಯಲ್ಲಿ ಅದರ ಹೆಸರು ಇದೆ ನೋಡಿ. ದಿರ್ಹಮನ್ನು ರೂಪಾಯಿಗೆ ಬದಲಿಸುವ ದರ ಆ ನೆಟ್‌ವರ್ಕಿನದ್ದು. ಈ ದರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಪೇಟೆಯ ಮನಿ ಎಕ್ಸ್‌ಚೇಂಜಿನಲ್ಲಿ ನೋಟು ಕೊಳ್ಳುವ ದರಕ್ಕಿಂತ ಹೆಚ್ಚಿನ ಸಲ ಕಡಿಮೆಯೇ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡೂ ತಮ್ಮ ದಿನದ ದರವನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ, ಯಾರು ಬೇಕಾದರೂ ನೋಡಬಹುದು.

ಇಲ್ಲಿಯವರೆಗೆ ತೊಂದರೆ ಇಲ್ಲ. ಇದರ ಮೇಲೆ ನಿಮ್ಮ ಬ್ಯಾಂಕ್ ತನ್ನದೊಂದು ಪಾಲು ಸೇರಿಸುತ್ತದೆ, ಅದೇ ಫಾರೆಕ್ಸ್ ಮಾರ್ಕಪ್. ನಮ್ಮ ದೇಶದ ಬಹಳಷ್ಟು ಸಾಮಾನ್ಯ ಕಾರ್ಡುಗಳಲ್ಲಿ ಇದು ಶೇಕಡಾ 3.5. ದುಬಾರಿ ಕಾರ್ಡುಗಳಲ್ಲಿ ಶೇಕಡಾ 2ರ ಹತ್ತಿರ ಇರುವುದುಂಟು. ಮಾರ್ಕಪ್ಪಿನ ಮೇಲೆ ಶೇಕಡಾ 18 ಜಿಎಸ್‌ಟಿ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. 18 ಅಂದ ಕೂಡಲೇ ಇಡೀ ಖರೀದಿಯ ಮೇಲೆ ಅಂತ ಗಾಬರಿ ಆಗುತ್ತಾರೆ. ಹಾಗಲ್ಲ, ತೆರಿಗೆ ಬೀಳುವುದು ಬ್ಯಾಂಕ್ ತೆಗೆದುಕೊಂಡ ಶುಲ್ಕದ ಮೇಲೆ ಮಾತ್ರ. 3.5ರ ಮೇಲೆ 18 ಹಾಕಿದರೆ 0.63. ಒಟ್ಟು ಶೇಕಡಾ 4.13.

ನನ್ನ ಬಿಲ್ಲಿನಲ್ಲಿ ಚಿಲ್ಲರೆ ಅಂಕೆಗಳಿವೆ, ಲೆಕ್ಕ ಸುಲಭ ಆಗಲಿ ಅಂತ ದಿರ್ಹಮಿಗೆ 24 ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ. 500 ದಿರ್ಹಂ ಅಂದರೆ 12,000 ರೂಪಾಯಿ. ಮಾರ್ಕಪ್ 420. ಅದರ ಮೇಲೆ ಜಿಎಸ್‌ಟಿ 75 ರೂಪಾಯಿ 60 ಪೈಸೆ. ಒಟ್ಟು 12,495 ರೂಪಾಯಿ 60 ಪೈಸೆ. ಅಂದರೆ ನಾನು ಏನೂ ತಪ್ಪು ಮಾಡದೆ ದಿರ್ಹಂ ಒತ್ತಿದ್ದರೂ ಸುಮಾರು 500 ರೂಪಾಯಿ ಹೋಗುತ್ತಿತ್ತು.

ಬಿಲ್ಲಿನಲ್ಲಿ ಇದು ಒಂದೇ ಸಾಲಿನಲ್ಲಿ ಬರುವುದಿಲ್ಲ. ಖರೀದಿಗೆ ಒಂದು ಸಾಲು, ಮಾರ್ಕಪ್ಪಿಗೆ ಒಂದು, ತೆರಿಗೆಗೆ ಇನ್ನೊಂದು. ತೆರಿಗೆ ಕೆಲವರಿಗೆ ಐಜಿಎಸ್‌ಟಿ ಅಂತ ಬರುತ್ತದೆ, ಕೆಲವರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡಾಗಿ ಬರುತ್ತದೆ, ಕಾರ್ಡ್ ಕೊಡುವ ಕಚೇರಿ ಯಾವ ರಾಜ್ಯದಲ್ಲಿದೆ ಅನ್ನುವುದರ ಮೇಲೆ ಅದು ಹೋಗುತ್ತದೆ. ಕೆಲವು ಬ್ಯಾಂಕುಗಳು ಮಾರ್ಕಪ್ಪನ್ನು ಒಂದೆರಡು ದಿನ ತಡವಾಗಿ ಹಾಕುತ್ತವೆ. ಹಾಗಾಗಿ ಸಂಬಂಧವೇ ಇಲ್ಲದ 420 ರೂಪಾಯಿ ಯಾಕೆ ಬಂತು ಅಂತ ಹೆದರಿ ಕಾರ್ಡ್ ಬ್ಲಾಕ್ ಮಾಡಿಸಿದವರೂ ಇದ್ದಾರೆ. ಮೇಲಿನ ಖರೀದಿಯ ಶೇಕಡಾ 3.5 ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ತಾಳೆಯಾದರೆ ಅದು ಕಳ್ಳತನ ಅಲ್ಲ.

ಇನ್ನೊಂದು ಗೊಂದಲ ದಿನಾಂಕದ್ದು. ಕಾರ್ಡ್ ಕೊಟ್ಟ ಕೂಡಲೇ ಫೋನಿಗೆ ಬರುವ ಮೆಸೇಜಿನಲ್ಲಿ ಒಂದು ಮೊತ್ತ ಇರುತ್ತದೆ, ಬಿಲ್ಲಿನಲ್ಲಿ ಬೇರೆ. ಅಂಗಡಿಯ ಬ್ಯಾಂಕ್ ಲೆಕ್ಕ ಮುಗಿಸಿ ಕಳಿಸಲಿಕ್ಕೆ ಒಂದೆರಡು ದಿನ ಬೇಕು, ಆಗಿನ ದರ ಹಿಡಿಯುವುದುಂಟು. ವ್ಯತ್ಯಾಸ ಹೆಚ್ಚಾಗಿ ಸಣ್ಣದು.

ಈಗ ನಾನು ರೂಪಾಯಿ ಒತ್ತಿದ ಕತೆಗೆ ಬರುತ್ತೇನೆ, ಯಾಕೆಂದರೆ ಜಾಸ್ತಿ ದುಡ್ಡು ಹೋಗುವುದು ಇಲ್ಲಿಯೇ, ಮತ್ತು ಇದನ್ನು ಪೂರ್ತಿ ತಪ್ಪಿಸಿಕೊಳ್ಳಲಿಕ್ಕೆ ಆಗುತ್ತದೆ.

ಮಿಷನಿನಲ್ಲಿ ರೂಪಾಯಿ ತೋರಿಸುವ ಈ ವ್ಯವಸ್ಥೆಗೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ಹೆಸರು, ಚಿಕ್ಕದಾಗಿ ಡಿಸಿಸಿ. ಇದರಲ್ಲಿ ದಿರ್ಹಮನ್ನು ರೂಪಾಯಿಗೆ ಬದಲಿಸುವುದು ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ. ಅಂಗಡಿಯ ಕಡೆಯ ಬ್ಯಾಂಕ್ ಅಥವಾ ಅದರ ಜೊತೆಗಿರುವ ಒಂದು ಕಂಪೆನಿ ಬದಲಿಸುತ್ತದೆ. ದರ ಅವರು ಇಟ್ಟದ್ದು, ಬರುವ ಲಾಭದಲ್ಲಿ ಅಂಗಡಿಗೂ ಒಂದು ಪಾಲು ಸಿಗುವುದುಂಟು. ಆ ದರದಲ್ಲಿ ಶೇಕಡಾ 3ರಿಂದ 8ರವರೆಗೂ, ಕೆಲವು ಕಡೆ ಅದಕ್ಕಿಂತ ಜಾಸ್ತಿಯೂ ಸೇರಿಸಿರುತ್ತಾರೆ. ಪರದೆಯಲ್ಲಿ, ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಆದರೆ ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಯಾರು ಓದುತ್ತಾರೆ ಹೇಳಿ.

ಶೇಕಡಾ 6 ಸೇರಿಸಿದ್ದಾರೆ ಅಂತ ಇಟ್ಟುಕೊಳ್ಳಿ. 12,000ದ ಬದಲು ಪರದೆಯಲ್ಲಿ 12,720 ರೂಪಾಯಿ ಬರುತ್ತದೆ. "ಎಷ್ಟು ಅಂತ ಈಗಲೇ ಗೊತ್ತಾಯಿತಲ್ಲ, ಮತ್ತೆ ಬ್ಯಾಂಕಿನವರು ಏನೂ ಹಾಕುವುದಿಲ್ಲ" ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿಯೇ ಎರಡನೇ ಪೆಟ್ಟು. ಅಂಗಡಿ ಇರುವುದು ವಿದೇಶದಲ್ಲಿ ತಾನೇ, ಹಾಗಾಗಿ ರೂಪಾಯಿಯಲ್ಲೇ ಕೊಟ್ಟರೂ ನಮ್ಮ ಬಹಳಷ್ಟು ಬ್ಯಾಂಕುಗಳು ಅದಕ್ಕೂ ಶುಲ್ಕ ಹಾಕುತ್ತವೆ. ಕೆಲವು ಕಾರ್ಡುಗಳಲ್ಲಿ ಅದು ಶೇಕಡಾ 1 ಮತ್ತು ಜಿಎಸ್‌ಟಿ, ಕೆಲವದರಲ್ಲಿ ಪೂರ್ತಿ ಮಾರ್ಕಪ್. ಶೇಕಡಾ 1 ಆದರೆ ಒಟ್ಟು 12,870 ರೂಪಾಯಿ. ಪೂರ್ತಿ ಮಾರ್ಕಪ್ ಆದರೆ 13,245 ರೂಪಾಯಿ. 12,000 ರೂಪಾಯಿಯ ಸಾಮಾನಿಗೆ 1,245 ರೂಪಾಯಿ ಜಾಸ್ತಿ! ಎರಡು ಕಂಬಳಿಯಲ್ಲಿ ಒಂದರ ದುಡ್ಡು ಹಾಗೆಯೇ ಹೋಯಿತು ಅಂತ ಅಮ್ಮ ಇವತ್ತಿಗೂ ಹೇಳುತ್ತಾರೆ.

ನಮ್ಮ ಮನಸ್ಸಿಗೆ ರೂಪಾಯಿ ಅಂದರೆ ಊರು. ದಿರ್ಹಮಿನ ಬೆಲೆ ನೋಡಿದಾಗಲೆಲ್ಲ ತಲೆಯಲ್ಲೇ ಗುಣಿಸಿ ಗುಣಿಸಿ ಸುಸ್ತಾಗಿರುತ್ತದೆ, ಅಷ್ಟರಲ್ಲಿ ಪರದೆಯಲ್ಲಿ ರೂಪಾಯಿ ಕಂಡರೆ ಯಾರಿಗೂ ಸಮಾಧಾನವೇ. ಒಂದು ಕಾಲದಲ್ಲಿ ಆ ಊರುಗಳಲ್ಲಿ ನಮ್ಮ ರೂಪಾಯಿ ನಿಜವಾಗಿಯೂ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಲ್ಲಿ ಬಳಸಲಿಕ್ಕೆಂದೇ ಬೇರೆ ರೂಪಾಯಿ ನೋಟು ಅಚ್ಚು ಹಾಕಿಸಿತ್ತು, ಅದನ್ನು ಗಲ್ಫ್ ರೂಪಾಯಿ ಅಂತಲೇ ಕರೆಯುತ್ತಿದ್ದರು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಈಗಿನ ದುಬೈ, ಶಾರ್ಜಾದ ಕಡೆಯವರು ಅದನ್ನು ಬಿಟ್ಟರು, 1973ರಲ್ಲಿ ಯುಎಇಗೆ ಅದರದ್ದೇ ದಿರ್ಹಂ ಬಂತು. ಈಗ ಆ ಮಿಷನಿನಲ್ಲಿ ಕಾಣುವ ರೂಪಾಯಿ ಬರೀ ತೋರಿಕೆಯದ್ದು. ಅಂಗಡಿಯವನ ಕೈಗೆ ಹೋಗುವುದು ದಿರ್ಹಮೇ. ನಿಮಗೋಸ್ಕರ ಬದಲಿಸಿ ಕೊಡುತ್ತೇವೆ ಅನ್ನುವ ನೆಪಕ್ಕೆ ನೀವು ದುಡ್ಡು ಕೊಡುತ್ತೀರಿ, ಅಷ್ಟೇ.

ಹಾಗಾಗಿ ಎಲ್ಲಿ ಹೋದರೂ ಆ ಊರಿನ ದುಡ್ಡನ್ನೇ ಒತ್ತಿ. ಯುಎಇಯಲ್ಲಿ ದಿರ್ಹಂ, ಸೌದಿಯಲ್ಲಿ ರಿಯಾಲ್, ಸಿಂಗಾಪುರದಲ್ಲಿ ಅವರ ಡಾಲರ್. ಕೌಂಟರಿನಲ್ಲಿ ಮಲಯಾಳ ಮಾತಾಡುವವರು ಸಿಕ್ಕಿದರೆ, ಗಲ್ಫಿನಲ್ಲಿ ಸಿಕ್ಕೇ ಸಿಗುತ್ತಾರೆ, "ದಿರ್ಹತ್ತಿಲ್ ಮತಿ", ದಿರ್ಹಂನಲ್ಲೇ ಸಾಕು, ಅಂತ ಹೇಳಿದರೆ ಆಯಿತು. ಕಾರ್ಡ್ ಕೊಡುವ ಮೊದಲೇ ಹೇಳಿ. ಎಷ್ಟೋ ಕಡೆ ನಿಮ್ಮನ್ನು ಕೇಳದೆ ಅವರೇ ರೂಪಾಯಿ ಒತ್ತಿಬಿಡುತ್ತಾರೆ, ಮಿಷನ್ ಅವರ ಕಡೆಗೇ ತಿರುಗಿರುತ್ತದೆ. ಆಯ್ಕೆ ಕಾರ್ಡಿನವರದ್ದೇ ಆಗಿರಬೇಕು ಅಂತ ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮವೂ ಹೇಳುತ್ತದೆ. ಚೀಟಿಯಲ್ಲಿ ರೂಪಾಯಿ ಕಂಡರೆ ಅಲ್ಲಿಯೇ ನಿಂತು ರದ್ದು ಮಾಡಿ ದಿರ್ಹಂನಲ್ಲಿ ಮತ್ತೆ ಹಾಕಲು ಹೇಳಿ. ಸಂಕೋಚ ಬೇಡ. ಅಂಗಡಿಯಿಂದ ಹೊರಗೆ ಬಂದ ಮೇಲೆ ಕಷ್ಟ, ಆದರೂ ಚೀಟಿ ಇಟ್ಟುಕೊಂಡಿದ್ದರೆ ಬ್ಯಾಂಕಿಗೆ ದೂರು ಕೊಡಬಹುದು. ಹೋಟೆಲಿನಲ್ಲಿ ಇನ್ನೂ ಜಾಗ್ರತೆ ಬೇಕು, ರೂಮು ಬಿಡುವ ಗಡಿಬಿಡಿಯಲ್ಲಿ ದೊಡ್ಡ ಮೊತ್ತದ ಮೇಲೆ ಇದೇ ಕೆಲಸ ನಡೆಯುತ್ತದೆ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ದುಡ್ಡು ತೆಗೆಯುವುದು ಇದೆಲ್ಲದಕ್ಕಿಂತ ಕೆಟ್ಟದ್ದು. ಇಲ್ಲಿಯೂ 24ರ ಲೆಕ್ಕದಲ್ಲೇ ನೋಡಿ. 1,000 ದಿರ್ಹಂ ತೆಗೆದಿರಿ, 24,000 ರೂಪಾಯಿ ಆಯಿತು. ನಗದು ತೆಗೆದದ್ದಕ್ಕೆ ಸಾಮಾನ್ಯವಾಗಿ ಶೇಕಡಾ 2.5 ಶುಲ್ಕ, 600 ರೂಪಾಯಿ. ಮಾರ್ಕಪ್ 840 ರೂಪಾಯಿ. ಇನ್ನು ಬಡ್ಡಿ. ಅಂಗಡಿಯ ಖರೀದಿಗೆ ಬಿಲ್ ಕಟ್ಟುವ ದಿನದವರೆಗೆ ಬಡ್ಡಿ ಇಲ್ಲ, ಆದರೆ ನಗದಿಗೆ ತೆಗೆದ ದಿನದಿಂದಲೇ ಶುರು. ತಿಂಗಳಿಗೆ ಶೇಕಡಾ 3.75 ಹಿಡಿದರೆ 20 ದಿನಕ್ಕೆ 600 ರೂಪಾಯಿ. ಈ ಮೂರಕ್ಕೂ ಜಿಎಸ್‌ಟಿ ಸೇರಿಸಿದರೆ ಒಟ್ಟು 2,407 ರೂಪಾಯಿ. ಶೇಕಡಾ 10! ಆ ಎಟಿಎಂ ಇಟ್ಟ ಬ್ಯಾಂಕ್ ತನ್ನ ಶುಲ್ಕ ಕೇಳಿದರೆ ಅದು ಬೇರೆ. ತಿಂಗಳಿಗೆ 3.75 ಅಂದರೆ ವರ್ಷಕ್ಕೆ ಶೇಕಡಾ 45ರ ಬಡ್ಡಿ, ಊರಿನ ಸೊಸೈಟಿಯಲ್ಲಿ ಈ ಬಡ್ಡಿ ಹೇಳಿದರೆ ಯಾರಾದರೂ ಸಾಲ ತೆಗೆಯುತ್ತಾರಾ? ಕೈಯಲ್ಲಿ ಬೇಕಾಗುವಷ್ಟು ದಿರ್ಹಮನ್ನು ಊರಿನಿಂದಲೇ ಲೈಸೆನ್ಸ್ ಇರುವ ಮನಿ ಎಕ್ಸ್‌ಚೇಂಜಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ರಸೀದಿ ತೆಗೆದುಕೊಂಡು ಒಯ್ಯಿರಿ. ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರಿನಷ್ಟು ವಿದೇಶಿ ನೋಟು ಒಯ್ಯಬಹುದು, ಟ್ಯಾಕ್ಸಿಗೆ, ಚಹಾಕ್ಕೆ ಅದರ ಸಣ್ಣ ಪಾಲು ಸಾಕು.

"ಅಲ್ಲಿ ನಮ್ಮವರು ದಿರ್ಹಂ ಕೊಡುತ್ತಾರೆ, ನೀವು ಇಲ್ಲಿ ಅವರು ಹೇಳಿದವರಿಗೆ ರೂಪಾಯಿ ಮುಟ್ಟಿಸಿದರೆ ಆಯಿತು" ಅಂತ ಹೇಳುವವರೂ ಸಿಗುತ್ತಾರೆ. ಅದು ಹವಾಲಾ, ಮಲಯಾಳದಲ್ಲಿ ಕುಳಲ್ಪಣ ಅನ್ನುತ್ತಾರೆ. ಕಾನೂನಿಗೆ ವಿರುದ್ಧ. ನಾಲ್ಕು ಶೇಕಡಾ ಉಳಿಸಲು ಹೋಗಿ ಆ ದಾರಿಗೆ ಕಾಲಿಡಬೇಡಿ.

ಈ ಶುಲ್ಕಕ್ಕೆ ವಿಮಾನ ಹತ್ತಲೇಬೇಕು ಅಂತ ಇಲ್ಲ. ಮನೆಯ ಚಾವಡಿಯಲ್ಲಿ ಕೂತು ವಿದೇಶದ ವೆಬ್‌ಸೈಟಿನಲ್ಲಿ ಹೋಟೆಲ್ ಬುಕ್ ಮಾಡಿದರೂ, ದಿರ್ಹಂನಲ್ಲಿ ಟಿಕೆಟ್ ತೆಗೆದರೂ, ಡಾಲರಿನಲ್ಲಿ ಆ್ಯಪಿಗೆ ದುಡ್ಡು ಕಟ್ಟಿದರೂ ಮಾರ್ಕಪ್ ಬೀಳುತ್ತದೆ. ಬೆಲೆ ರೂಪಾಯಿಯಲ್ಲಿ ತೋರಿಸಿದರೂ ಕಂಪೆನಿ ವಿದೇಶದ್ದಾದರೆ ಆ ಶೇಕಡಾ 1ರ ಶುಲ್ಕ ಬರುವುದುಂಟು. ಬುಕ್ ಮಾಡಿದ್ದನ್ನು ರದ್ದು ಮಾಡಿದರೆ ವಾಪಸ್ ಬರುವ ಮೊತ್ತ ಆ ದಿನದ ದರದಲ್ಲಿ ಬರುತ್ತದೆ, ಕಟ್ಟಿದ ಮಾರ್ಕಪ್ ಹೆಚ್ಚಾಗಿ ವಾಪಸ್ ಬರುವುದಿಲ್ಲ.

ಮಾರ್ಕಪ್ಪನ್ನೇ ಕಡಿಮೆ ಮಾಡಲು ಏನು ದಾರಿ? ಕೆಲವು ಬ್ಯಾಂಕುಗಳು ಈಗ ಮಾರ್ಕಪ್ ಇಲ್ಲದ ಕಾರ್ಡ್ ಕೊಡುತ್ತಿವೆ, ಜೀರೋ ಫಾರೆಕ್ಸ್ ಅಂತ ಹೆಸರು. ವರ್ಷಕ್ಕೊಮ್ಮೆಯಾದರೂ ಹೊರಗೆ ಹೋಗುವವರು ಇಂಥದ್ದೊಂದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು ಅಂತ ನನಗೆ ಖಂಡಿತ ಅನ್ನಿಸುತ್ತದೆ, ವಾರ್ಷಿಕ ಶುಲ್ಕ ಎಷ್ಟು ಅಂತ ಮಾತ್ರ ನೋಡಿಕೊಳ್ಳಿ. ಆದರೆ ಅಂಥ ಕಾರ್ಡ್ ಇಟ್ಟುಕೊಂಡು ಮಿಷನಿನಲ್ಲಿ ರೂಪಾಯಿ ಒತ್ತಿದರೆ ಕಾರ್ಡ್ ಮಾಡಿಸಿದ್ದೇ ದಂಡ. ಮಾರ್ಕಪ್ ಬಿಟ್ಟುಕೊಟ್ಟದ್ದು ನಿಮ್ಮ ಬ್ಯಾಂಕ್, ಡಿಸಿಸಿಯ ದರ ಇಟ್ಟದ್ದು ಅಂಗಡಿಯ ಕಡೆಯವರು. ನಿಮ್ಮ ಈಗಿನ ಕಾರ್ಡಿನಲ್ಲಿ ಎಷ್ಟು ಅಂತ ತಿಳಿಯಲು ಬ್ಯಾಂಕಿನ ವೆಬ್‌ಸೈಟಿನಲ್ಲಿ ಎಂಐಟಿಸಿ ಅನ್ನುವ, ಕಾರ್ಡಿನ ಮುಖ್ಯ ಷರತ್ತುಗಳ ಕಾಗದ ಹುಡುಕಿ, ಅದರಲ್ಲಿ ಶುಲ್ಕಗಳ ಪಟ್ಟಿ ಇರುತ್ತದೆ. ಮಾರ್ಕಪ್ ಎಷ್ಟು, ರೂಪಾಯಿಯಲ್ಲಿ ಕೊಟ್ಟರೆ ಎಷ್ಟು, ಈ ಎರಡು ಸಾಲು ಓದಿ.

ಫಾರೆಕ್ಸ್ ಕಾರ್ಡ್ ಇನ್ನೊಂದು ದಾರಿ. ಮೊದಲೇ ರೂಪಾಯಿ ಕೊಟ್ಟು ದಿರ್ಹಂ ತುಂಬಿಸಿಕೊಂಡು ಹೋಗುವುದು. ದರ ತುಂಬಿಸಿದ ದಿನದ್ದೇ ಆಗಿರುತ್ತದೆ, ಆಮೇಲೆ ಏರಿದರೂ ಇಳಿದರೂ ಸಂಬಂಧ ಇಲ್ಲ. ದಿರ್ಹಂ ಡಾಲರಿಗೆ ಕಟ್ಟಿಹಾಕಿದ ದುಡ್ಡು, 1997ರಿಂದ ಒಂದು ಡಾಲರಿಗೆ 3.6725 ದಿರ್ಹಂ ಅಂತ ಹಾಗೆಯೇ ಇದೆ. ಆದ್ದರಿಂದ ದಿರ್ಹಂ ಏರಿತು ಅಂದರೆ ರೂಪಾಯಿ ಡಾಲರಿನ ಎದುರು ಇಳಿಯಿತು ಅಂತಲೇ ಅರ್ಥ. ಫಾರೆಕ್ಸ್ ಕಾರ್ಡಿನಲ್ಲಿ ಎರಡು ಕಡೆ ನೋಡಬೇಕು. ಒಂದು, ತುಂಬಿಸುವಾಗ ಬ್ಯಾಂಕ್ ಹೇಳುವ ದರದಲ್ಲೇ ಅವರ ಲಾಭ ಸೇರಿರುತ್ತದೆ, ಅದೇ ದಿನ ವೀಸಾದ ದರಕ್ಕೆ ಹೋಲಿಸಿ. ಎರಡು, ದಿರ್ಹಂ ತುಂಬಿಸಿದ ಕಾರ್ಡನ್ನು ದಾರಿಯಲ್ಲಿ ಬೇರೆ ದೇಶದಲ್ಲಿ ಕೊಟ್ಟರೆ ಅದಕ್ಕೂ ಶುಲ್ಕ ಬೀಳುತ್ತದೆ.

ಯುಎಇಯ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಅಂತ ಮೊದಲು ಆನ್ ಮಾಡಿರಬೇಕು. ಪಿನ್ ಒತ್ತುವ ಮೊದಲು ಎಷ್ಟು ರೂಪಾಯಿ ಕಡಿತ ಅಂತ ತೋರಿಸುತ್ತದೆ, ಓದಿ ಒತ್ತಿ.

ತೆರಿಗೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. 2023ರಲ್ಲಿ ವಿದೇಶದಲ್ಲಿ ಕ್ರೆಡಿಟ್ ಕಾರ್ಡಿನಿಂದ ಮಾಡುವ ಖರ್ಚಿಗೂ ಟಿಸಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ತರಲು ಹೊರಟು, ಅದೇ ವರ್ಷ ಜೂನ್ ಕೊನೆಗೆ ಸರಕಾರ ಅದನ್ನು ತಡೆಹಿಡಿಯಿತು. ಆದರೆ ಫಾರೆಕ್ಸ್ ಕಾರ್ಡಿಗೆ ತುಂಬಿಸುವ ದುಡ್ಡು, ಒಬ್ಬರು ವರ್ಷಕ್ಕೆ ವಿದೇಶಕ್ಕೆ ಕಳಿಸಬಹುದಾದ 2,50,000 ಡಾಲರಿನ ಮಿತಿಯೊಳಗೆ ಬರುತ್ತದೆ. ಆ ದುಡ್ಡು 2025ರ ಏಪ್ರಿಲಿನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮಾತ್ರ ಟಿಸಿಎಸ್. ಅಕ್ಕನ ಮನೆಗೆ ಹೋಗಿ ಬರುವವರು ಇದಕ್ಕೆ ತಲೆಬಿಸಿ ಮಾಡಬೇಕಾಗಿಲ್ಲ.

ಹೊರಡುವ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ವಿದೇಶದ ಬಳಕೆಯನ್ನು ನಾವೇ ಆ್ಯಪಿನಲ್ಲಿ ಆನ್ ಮಾಡಬೇಕು. ವಿಮಾನ ಹತ್ತಲು ಬಜ್ಪೆಗೋ ಕಣ್ಣೂರಿಗೋ ಹೊರಡುವ ಮುಂಚಿನ ದಿನ, ಮನೆಯಲ್ಲೇ, ಊರಿನ ಸಿಮ್ ಫೋನಿನಲ್ಲಿರುವಾಗಲೇ ಇದನ್ನು ಮಾಡಿ. ಅಲ್ಲಿ ಇಳಿದ ಮೇಲೆ ಒಟಿಪಿ ಬರದೆ ಒದ್ದಾಡುವುದು ಬೇಡ. ಅಂಗಡಿಯ ಬಳಕೆಗೆ ಬೇಕಾದಷ್ಟು ಮಿತಿ ಇಡಿ. ಎಟಿಎಂನದ್ದನ್ನು ಆಫ್ ಆಗಿಯೇ ಬಿಡಿ. ವಿದೇಶದ ಎಷ್ಟೋ ಕಡೆ ಕಾರ್ಡ್ ತಾಗಿಸಿದರೆ ಸಾಕು, ಒಟಿಪಿ ಕೇಳುವುದಿಲ್ಲ, ಹಾಗಾಗಿ ಕಾರ್ಡ್ ಕಳೆದುಹೋದರೆ ಈ ಮಿತಿಯೇ ನಿಮಗೆ ರಕ್ಷಣೆ.

ವಾಪಸ್ ಬಂದ ದಿನವೇ ಆ ಸ್ವಿಚ್ ಆಫ್ ಮಾಡಿ. ಚೀಟಿಗಳನ್ನು ಬಿಸಾಡಬೇಡಿ. ಹೋಟೆಲಿನವರು ಮುಂಗಡ ಅಂತ ಹಿಡಿದಿಟ್ಟ ಮೊತ್ತ ಬಿಡುಗಡೆಯಾಗಲು ದಿನ ಹಿಡಿಯುತ್ತದೆ, ಕೊನೆಯ ದಿನದ ಖರೀದಿ ಮುಂದಿನ ತಿಂಗಳ ಬಿಲ್ಲಿಗೆ ಹೋಗಿರಬಹುದು. ಅದಕ್ಕೆ ಎರಡು ತಿಂಗಳ ಬಿಲ್ ಬರುವವರೆಗೆ ಚೀಟಿಗಳನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ನಾನು ಮತ್ತು ಅಮ್ಮ ಊಟದ ಮೇಜಿನ ಮೇಲೆ ಬಿಲ್ ಹರಡಿ, ಒಂದೊಂದು ಚೀಟಿಗೆ ಒಂದೊಂದು ಗೆರೆ ಎಳೆಯುತ್ತಾ ಬಂದೆವು. ಎಲ್ಲದರಲ್ಲೂ ದಿರ್ಹಂ ಇತ್ತು, ಆ ಒಂದು ಚೀಟಿಯನ್ನು ಬಿಟ್ಟು.